ಹನ್ನೆರಡರಲ್ಲಿ ಹನ್ನೊಂದು

ಮೊನ್ನೆ ಶುಕ್ರವಾರ ಉದ್ಯಾವರದ ಪೆಟ್ರೋಲ್ ಬಂಕಿನಲ್ಲಿ ಟಯರಿಗೆ ಗಾಳಿ ಹಾಕಿಸಲು ನಿಂತಿದ್ದೆ. ಪಕ್ಕದಲ್ಲಿ ಮೀನಿನ ಟೆಂಪೊ ಒಂದರ ಚಾಲಕ ಬಾನೆಟ್ ಎತ್ತಿ ರೇಡಿಯೇಟರಿಗೆ ಹಸಿರು ಕೂಲೆಂಟ್ ಹೊಯ್ಯುತ್ತಿದ್ದ. ಎರಡು ಹನಿ ಬಿಸಿ ಇಂಜಿನಿನ ಮೇಲೆ ಬಿದ್ದು ಆವಿಯಾದವು. ಆ ವಾಸನೆಯನ್ನು ನೀವು ಮೂಸಿದ್ದೀರೋ ಇಲ್ಲವೋ ನನಗೆ ಗೊತ್ತಿಲ್ಲ. ಸಿಹಿ. ಬೆಲ್ಲದ ಪಾಕ ತಳ ಹಿಡಿಯುವುದಕ್ಕೆ ಸ್ವಲ್ಪ ಮೊದಲು ಬರುವಂಥ ಸಿಹಿ. ಮೀನಿನ ನಾತದ ನಡುವೆಯೂ ಅದು ಬೇರೆಯಾಗಿಯೇ ಬಂದು ನನ್ನ ಮೂಗಿಗೆ ತಾಗಿತು. ಕೈ ತನ್ನಷ್ಟಕ್ಕೆ ಕಿಸೆಯ ಪುಸ್ತಕದ ಕಡೆಗೆ ಹೋಗಿ ಅರ್ಧದಲ್ಲಿ ನಿಂತಿತು.

ಕಾರಿನ ಮುಂದಿನ ಎಡ ಸೀಟಿನಲ್ಲಿ ಅಪ್ಪ ಇದ್ದರು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಈ ಪುಸ್ತಕದ ವಿಷಯ ಹೇಳಬೇಕು.

ನಾನು ಎಲ್ಲವನ್ನೂ ಬರೆದಿಡುವ ಜಾತಿ. ಹತ್ತನೆಯ ತರಗತಿಯಿಂದ ಒಂದು ದಿನವೂ ತಪ್ಪದೆ ಡೈರಿ ಉಂಟು. ಮೊದಲ ಮಳೆ ಯಾವ ತಾರೀಕಿಗೆ, ಬಾವಿಯ ನೀರು ಎಷ್ಟು ಮೆಟ್ಟಿಲು ಇಳಿಯಿತು, ಬಸ್ಸು ಎಷ್ಟು ನಿಮಿಷ ತಡ, ಎಲ್ಲವೂ ಅದರಲ್ಲಿ ಸಿಗುತ್ತದೆ. ಕಾಪುವಿನ ದೀಪಸ್ತಂಭದ ಮೆಟ್ಟಿಲುಗಳನ್ನು ಮೂರು ಸಲ ಹತ್ತಿ ಮೂರು ಸಲವೂ ಎಣಿಸಿದ್ದೇನೆ. ಮೂರು ಲೆಕ್ಕವೂ ಬೇರೆ ಬೇರೆ ಬಂದಿವೆ. ನನಗೆ ಆಗಲೇ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಕಲಿತು ಮಣಿಪಾಲದ ಒಂದು ಲ್ಯಾಬಿಗೆ ಕೆಲಸಕ್ಕೆ ಸೇರಿದ ಮೇಲಂತೂ ನನ್ನ ಚಾಳಿಗೆ ಶಾಸ್ತ್ರದ ಬಲವೇ ಬಂತು. ಬರೆಯದೆ ಇದ್ದದ್ದು ಆಗಿಯೇ ಇಲ್ಲ ಎಂಬುದು ಅಲ್ಲಿನ ನಿಯಮ. ಬರೆದದ್ದೆಲ್ಲ ಆಗಿದೆ ಎಂದು ಅದರ ಅರ್ಥವಲ್ಲ ಅಂತ ಅಲ್ಲಿ ಯಾರೂ ಹೇಳಿಕೊಡಲಿಲ್ಲ.

ಅಪ್ಪ ಶಾಲೆಯಲ್ಲಿ ಡ್ರಾಯಿಂಗ್ ಮಾಸ್ಟ್ರಾಗಿದ್ದವರು. ನಿವೃತ್ತಿಯಾಗಿ ಮೂರು ವರ್ಷಕ್ಕೆ ಅವರ ಎರಡೂ ಕಿಡ್ನಿಗಳು ಕೈಕೊಟ್ಟವು. ವಾರಕ್ಕೆ ಮೂರು ದಿನ, ಸೋಮವಾರ, ಬುಧವಾರ, ಶುಕ್ರವಾರ, ಕಾಪುವಿನಿಂದ ಮಣಿಪಾಲಕ್ಕೆ ಡಯಾಲಿಸಿಸ್‌ಗೆ ಹೋಗಬೇಕು. ನಾಲ್ಕು ಗಂಟೆ ಮಿಷನ್ನಿನ ಪಕ್ಕ ಮಲಗಿದ್ದು ವಾಪಸು ಬರಬೇಕು. ಬುಧವಾರ ನನಗೆ ರಜೆಯಾದ್ದರಿಂದ ಆ ದಿನ ಕಾರು ನನ್ನದು. ಸೋಮವಾರ ಮತ್ತು ಶುಕ್ರವಾರ ಸಿಪ್ರಿಯದು.

ಸಿಪ್ರಿ, ಎಂದರೆ ಸಿಪ್ರಿಯನ್, ಶಿರ್ವದವರು. ಕುವೈತಿನಲ್ಲಿ ಹದಿನೆಂಟು ವರ್ಷ ನೀರಿನ ಟ್ಯಾಂಕರ್ ಓಡಿಸಿ ಊರಿಗೆ ಬಂದವರು. ಬಂದ ಹೊಸದರಲ್ಲಿ ಒಂದಷ್ಟು ಕಾಲ ವಿಪರೀತ ಕುಡಿದರು. ಒಂದು ದಿನ ಬೈಕಿನೊಡನೆ ಗದ್ದೆಗೆ ಉರುಳಿದ ಮೇಲೆ ಬಿಟ್ಟರು. ಬಿಟ್ಟು ಒಂಬತ್ತು ವರ್ಷವಾಗಿತ್ತು. ನಮ್ಮ ಊರುಗಳ ಒಂದು ಕ್ರಮ ನೋಡಿ. ಒಬ್ಬ ಕುಡಿಯುವುದನ್ನು ಬಿಟ್ಟರೆ ಅವನಿಗೆ ‘ಬಿಟ್ಟವ’ ಎಂದು ಹೆಸರಾಗುತ್ತದೆಯೇ ಹೊರತು ‘ಕುಡಿಯದವ’ ಎಂದು ಯಾವತ್ತೂ ಆಗುವುದಿಲ್ಲ.

ಅಪ್ಪನಿಗೂ ಅವರಿಗೂ ಬಹಳ ಕೂಡಿಬಂದಿತ್ತು. ನಮ್ಮ ಮನೆಯ ಮಾತು ತುಳು. ಸಿಪ್ರಿಯ ಮನೆಯಲ್ಲಿ ಕೊಂಕಣಿ. ಆದರೆ ಕಾರಿನಲ್ಲಿ ಎಲ್ಲವೂ ತುಳುವೇ. ಇಲ್ಲಿ ನಾನು ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಮಾಸ್ಟ್ರೆ, ಇವತ್ತು ನಿಮ್ಮಿಂದ ಎಷ್ಟು ಲೀಟರ್ ನೀರು ತೆಗೆದರು?” ಎಂದು ಸಿಪ್ರಿ ಕೇಳುತ್ತಿದ್ದರು.

“ಎರಡೂವರೆ.”

“ಗಾಡಿಗೂ ನಿಮಗೂ ಗಂಟು ಹಾಕಿದ್ದು ಸರಿ ಉಂಟು. ನಿಮ್ಮಿಂದ ತೆಗೀಬೇಕು, ಇದಕ್ಕೆ ಹಾಕಬೇಕು.”

ಮಿಷನ್ನಿನಿಂದ ಎದ್ದು ಬಂದ ಅಪ್ಪ ಆ ಹೊತ್ತಿನಲ್ಲಿ ನಗುತ್ತಿದ್ದದ್ದು ಇಂಥ ಮಾತಿಗೆ ಮಾತ್ರ. ಬುಧವಾರ ನನ್ನೊಡನೆ ಬರುವಾಗ ಅವರು ಟವೆಲನ್ನು ಕುತ್ತಿಗೆಗೆ ಸುತ್ತಿಕೊಂಡು ಕಣ್ಣು ಮುಚ್ಚಿರುತ್ತಿದ್ದರು. ಸುಸ್ತು ಎಂದು ನಾನು ಬರೆದುಕೊಳ್ಳುತ್ತಿದ್ದೆ.

ವಾಸನೆಯನ್ನು ಮೊದಲು ಹಿಡಿದವರು ಅಮ್ಮ. ಮಳೆಗಾಲ ಹಿಡಿದು ಒಂದು ವಾರವಾಗಿತ್ತು. ಸೋಮವಾರ ಸಂಜೆ ಕಾರಿನಿಂದ ಅಪ್ಪನ ಫೈಲು ತರಲು ಹೋದವರು ಮೂಗು ಮುಚ್ಚಿಕೊಂಡು ಬಂದರು.

“ಕಾರಿನಲ್ಲಿ ಕಳ್ಳಿನ ವಾಸನೆ.”

ಎಲ್ಲೂರಿನ ಅವರ ತವರುಮನೆಯ ದಾರಿಯಲ್ಲಿ ಕಳ್ಳಿನ ಗಡಂಗು ಒಂದಿತ್ತಂತೆ. ಶಾಲೆಗೆ ಹೋಗುವಾಗ ದಿನಾ ಅದರ ಮುಂದೆಯೇ ಹೋಗಬೇಕಿತ್ತು. ಆದ್ದರಿಂದ ಆ ವಿಷಯದಲ್ಲಿ ಅವರ ಮೂಗು ಮನೆಯಲ್ಲಿ ಕೊನೆಯ ಮಾತು. ನಾನೂ ಹೋಗಿ ಮೂಸಿದೆ. ಹೌದು. ಒಂದು ಸಿಹಿ, ಅದರ ಅಡಿಯಲ್ಲಿ ಒಂದು ಹುಳಿ. ಎಡಗಡೆಯ ಕಾರ್ಪೆಟ್ ಸ್ವಲ್ಪ ಒದ್ದೆಯಾಗಿತ್ತು. ಮಳೆಗಾಲದಲ್ಲಿ ಕಾಪುವಿನಲ್ಲಿ ಒದ್ದೆಯಾಗದ್ದು ಯಾವುದುಂಟು? ಅದನ್ನು ನಾನು ಬರೆದುಕೊಳ್ಳಲೂ ಇಲ್ಲ.

ಅಮ್ಮ ಆವತ್ತೇ ಸಿಪ್ರಿಯನ್ನು ಕೇಳಿಬಿಡುವವರಿದ್ದರು. ತಡೆದವ ನಾನು. “ಪುರಾವೆ ಇಲ್ಲದೆ ಒಬ್ಬರ ಮೇಲೆ ಹೇಳಬಾರದು” ಎಂದೆ. ಆ ಮಾತನ್ನು ಆಡುವಾಗ ನನ್ನ ಬಗ್ಗೆ ನನಗೆ ಬಹಳ ಗೌರವ ಉಂಟಾಗಿತ್ತು. ಮರುದಿನವೇ ಪುಸ್ತಕದ ಹೊಸ ಪುಟದಲ್ಲಿ ಗೆರೆ ಹಾಕಿದೆ. ದಿನ, ಚಾಲಕ, ವಾಸನೆ, ಕಾರಣ ಎಂದು ನಾಲ್ಕು ಕಾಲಂ. ಪ್ರತಿ ಸಂಜೆ ಆರು ಗಂಟೆಗೆ ಕಾರಿನ ಬಾಗಿಲು ತೆರೆದು ತಲೆ ಒಳಗೆ ಹಾಕಿ ಮೂಸುತ್ತಿದ್ದೆ. ಪಕ್ಕದ ಮನೆಯವರು ಬೇಲಿಯಾಚೆಯಿಂದ “ಎಂತ, ಒಳಗೆ ಇಲಿ ಸತ್ತಿದೆಯಾ?” ಎಂದು ಕೇಳಿದ್ದೂ ಉಂಟು.

ಆರು ವಾರ ಮೂಸಿದೆ. ಸಿಪ್ರಿ ಓಡಿಸಿದ ದಿನಗಳು ಹನ್ನೆರಡು. ಅದರಲ್ಲಿ ವಾಸನೆ ಇದ್ದದ್ದು ಹನ್ನೊಂದು ದಿನ. ನಾನು ಓಡಿಸಿದ ಬುಧವಾರಗಳು ಆರು. ವಾಸನೆ ಇದ್ದದ್ದು ಸೊನ್ನೆ. ಕಾರಣ ಎಂಬ ಕಾಲಂನಲ್ಲಿ ಹನ್ನೊಂದು ಸಲ ‘ಸಿಪ್ರಿ’ ಎಂದು ದುಂಡಗೆ ಬರೆದಿದ್ದೆ. ಹನ್ನೆರಡನೆಯ ದಿನ ವಾಸನೆ ಇರಲಿಲ್ಲ. ಆ ಸೋಮವಾರ ಅಪ್ಪನಿಗೆ ಜ್ವರ ಬಂದು ವಾರ್ಡಿನಲ್ಲಿ ಉಳಿಸಿಕೊಂಡಿದ್ದರು. ಸಿಪ್ರಿ ಒಬ್ಬರೇ ಖಾಲಿ ಕಾರು ತಂದಿದ್ದರು. ‘ಗಾಬರಿಯಿಂದ ಕುಡಿದಿಲ್ಲ’ ಎಂದು ಅದಕ್ಕೂ ಒಂದು ವಿವರಣೆ ಬರೆದಿದ್ದೆ. ನೋಡಿ, ಹೊಂದದೆ ಇದ್ದ ಒಂದೇ ಒಂದು ದಿನವನ್ನೂ ನಾನು ಹೊಂದಿಸದೆ ಬಿಡಲಿಲ್ಲ.

ಏಳನೆಯ ವಾರದ ಶನಿವಾರ ಸಿಪ್ರಿಯನ್ನು ಮನೆಗೆ ಕರೆಸಿದೆವು. ಅಪ್ಪ ಒಳಗೆ ಮಲಗಿದ್ದರು. ಜಗಲಿಯಲ್ಲಿ ನಾನು ಪುಸ್ತಕ ಬಿಡಿಸಿ ಅವರ ಕೈಗೆ ಕೊಟ್ಟೆ. ಅವರು ಕಿಸೆಯಿಂದ ಕನ್ನಡಕ ತೆಗೆದು ಹಾಕಿಕೊಂಡು, ಪರೀಕ್ಷೆಯ ಪ್ರಶ್ನೆಪತ್ರಿಕೆ ಓದುವವರ ಹಾಗೆ, ಮೇಲಿನಿಂದ ಕೆಳಗೆ ಬೆರಳಿಟ್ಟು ಓದಿದರು.

“ವಾಸನೆ ನನಗೂ ಬರ್ತದೆ ಮಗಾ,” ಎಂದರು. “ಅದು ಗಾಡಿಯದ್ದು.”

“ಗಾಡಿ ಕುಡಿಯುತ್ತದಾ?” ಎಂದರು ಅಮ್ಮ.

ನಾನು ಸುಮ್ಮನಿರಬಹುದಿತ್ತು. ಆದರೆ ನನ್ನ ಕೋಷ್ಟಕದ ಮೇಲೆ ನನಗೆ ಪ್ರೀತಿ. “ಗಾಡಿಯದ್ದಾದರೆ ಬುಧವಾರ ಗಾಡಿಗೆ ಉಪವಾಸವಾ?” ಎಂದೆ.

ಸಿಪ್ರಿ ಒಳಗಿನ ಕೋಣೆಯ ಬಾಗಿಲಿನ ಕಡೆ ಒಮ್ಮೆ ನೋಡಿದರು. ಕನ್ನಡಕ ತೆಗೆದರು. ಪುಸ್ತಕವನ್ನು ಮಡಚಿ, ಅದರ ಮೇಲೆ ಕಾರಿನ ಕೀ ಇಟ್ಟು, ಎರಡನ್ನೂ ಒಟ್ಟಿಗೆ ನನ್ನ ಕೈಗೆ ಕೊಟ್ಟು ಮೆಟ್ಟಿಲಿಳಿದು ಹೋದರು.

ಸಿಪ್ರಿಗೆ ಮೊಣಕಾಲು ನೋವು, ಇನ್ನು ಓಡಿಸಲಿಕ್ಕೆ ಆಗುವುದಿಲ್ಲವಂತೆ ಎಂದು ಅಪ್ಪನಿಗೆ ಹೇಳಿದೆವು. ಇಷ್ಟು ಜಾಗ್ರತೆಯಿಂದ ಸತ್ಯವನ್ನು ಹುಡುಕಿ ತೆಗೆದವನ ಮೊದಲ ಕೆಲಸ ಸುಳ್ಳು ಹೇಳುವುದಾಯಿತು. ನಾನು ಲ್ಯಾಬಿನಲ್ಲಿ ಪಾಳಿ ಬದಲಿಸಿಕೊಂಡು ಮೂರೂ ದಿನ ನಾನೇ ಓಡಿಸತೊಡಗಿದೆ. ವಾಸನೆ ನಿಂತೇಹೋಯಿತು. ‘ವಾಸನೆ: ಇಲ್ಲ’, ‘ವಾಸನೆ: ಇಲ್ಲ’ ಎಂದು ಪ್ರತಿ ಸಂಜೆ ಬಹಳ ತೃಪ್ತಿಯಿಂದ ಬರೆಯುತ್ತಿದ್ದೆ. ಇಪ್ಪತ್ತೆರಡು ಸಲ ಬರೆದಿದ್ದೇನೆ.

ಇಪ್ಪತ್ಮೂರನೆಯ ದಿನ ಭಾನುವಾರ. ಕಾರ್ಕಳದ ಅತ್ತೆಯ ಮನೆಗೆ ಒಬ್ಬನೇ ಹೋಗಿದ್ದೆ. ಹಿಂದೆ ಬರುವಾಗ ಬೆಳ್ಮಣ್ಣಿನ ಹತ್ತಿರ ಎದುರಿನ ರಸ್ತೆಯೇ ಕಾಣದಂಥ ಮಳೆ. ಗಾಜಿನ ಒಳಗಡೆ ಮಂಜು ಕಟ್ಟಿತು. ಎಸಿ ಕೆಟ್ಟು ಹದಿನೈದು ದಿನವಾಗಿತ್ತು. ಬಿಸಿ ಗಾಳಿ ಬಿಟ್ಟರೆ ಗಾಜು ತಿಳಿಯಾಗುತ್ತದೆ ಎಂದು ಎಲ್ಲೋ ಕೇಳಿದ್ದು ನೆನಪಾಗಿ, ಆ ಕಾರಿನಲ್ಲಿ ನಾನು ಜನ್ಮದಲ್ಲಿ ಮುಟ್ಟದ ಒಂದು ನಾಬನ್ನು ನೀಲಿಯಿಂದ ಕೆಂಪಿನ ಕಡೆಗೆ ತಿರುಗಿಸಿದೆ.

ಮಂಜು ಕರಗಲಿಲ್ಲ, ದಪ್ಪವಾಯಿತು. ಬಟ್ಟೆಯಿಂದ ಒರೆಸಿದರೆ ಎಣ್ಣೆ ಸವರಿದ ಹಾಗೆ ಗಾಜೆಲ್ಲ ಜಿಡ್ಡು. ಮತ್ತೆ ಬಂತು ವಾಸನೆ. ಮೊದಲು ಸಣ್ಣಗೆ, ಆಮೇಲೆ ಇಡೀ ಕಾರು ತುಂಬುವಷ್ಟು. ಎಲ್ಲೂರಿನ ಗಡಂಗೇ ಎದ್ದು ಬಂದು ಪಕ್ಕದ ಸೀಟಿನಲ್ಲಿ ಕೂತಂತಿತ್ತು. ಕಾರಿನಲ್ಲಿ ನಾನೊಬ್ಬನೇ ಇದ್ದೆ. ರಸ್ತೆಯ ಬದಿಗೆ ನಿಲ್ಲಿಸಿ ಗಾಜುಗಳನ್ನು ಇಳಿಸಿ ಮಳೆಯಲ್ಲಿ ನೆನೆಯುತ್ತ ಕೂತೆ. ಆ ದಿನದ ಪುಟದಲ್ಲಿ ಕಾರಣದ ಕಾಲಂ ಖಾಲಿ ಉಂಟು.

ಮರುದಿನ ಬೆಳಿಗ್ಗೆ, ಅಪ್ಪನನ್ನು ಕರೆದುಕೊಂಡು ಹೋಗುವ ಮೊದಲು, ಕಾಪುವಿನ ಮೆಕ್ಯಾನಿಕ್ ಹಮೀದರ ಶೆಡ್ಡಿಗೆ ಹೋದೆ. ಅವರು ನನ್ನ ಪುಸ್ತಕ ಕೇಳಲಿಲ್ಲ. ಎಡಗಡೆಯ ಕಾರ್ಪೆಟ್ ಎತ್ತಿ ಅಡಿಯ ಸ್ಪಂಜನ್ನು ಹಿಂಡಿ, ಬಂದ ನೀರನ್ನು ಎರಡು ಬೆರಳ ನಡುವೆ ಉಜ್ಜಿದರು.

“ಮಳೆ ನೀರು ಜಾರುವುದಿಲ್ಲ. ಇದು ಜಾರ್ತದೆ ನೋಡಿ,” ಎಂದು ನನ್ನ ಬೆರಳಿಗೂ ಸವರಿದರು. ರೇಡಿಯೇಟರಿನ ಬಾಯಿಗೆ ಕೈಪಂಪು ಸಿಕ್ಕಿಸಿ ಒತ್ತಡ ಕೊಟ್ಟು, ನಾಬನ್ನು ಕೆಂಪಿಗೆ ತಿರುಗಿಸಿದರು. ಪಂಪಿನ ಮುಳ್ಳು ನಿಧಾನವಾಗಿ ಇಳಿಯಿತು. ಡ್ಯಾಶ್‌ಬೋರ್ಡಿನ ಅಡಿಯಿಂದ ಟಪ್, ಟಪ್ ಎಂದು ಹಸಿರು ಹನಿಗಳು. ನಾಬನ್ನು ನೀಲಿಗೆ ತಿರುಗಿಸಿ ಇನ್ನೊಮ್ಮೆ ಪಂಪು ಒತ್ತಿದರು. ಮುಳ್ಳು ನಿಂತಲ್ಲಿಯೇ ನಿಂತಿತು.

“ಡ್ಯಾಶ್‌ಬೋರ್ಡಿನ ಹಿಂದೆ ಹೀಟರಿಗೆ ಅಂತ ಸಣ್ಣದೊಂದು ರೇಡಿಯೇಟರ್ ಉಂಟು. ಅದು ತೂತಾಗಿದೆ. ಕೆಂಪಿಗೆ ತಿರುಗಿಸಿದರೆ ಇಂಜಿನಿನ ಬಿಸಿ ಕೂಲೆಂಟ್ ನೀರು ಅದರೊಳಗೆ ಬರ್ತದೆ, ಸೋರ್ತದೆ, ವಾಸನೆ ಬರ್ತದೆ. ನೀಲಿಯಲ್ಲಿ ಇಟ್ಟರೆ ಬಾಗಿಲು ಬಂದ್, ಎಂತದ್ದೂ ಇಲ್ಲ. ಈ ಗಾಡಿಯ ರೇಡಿಯೇಟರಿಗೆ ಮೊದಲು ಬಾವಿ ನೀರು ಹಾಕ್ತಿದ್ದದ್ದು ಯಾರು?”

ನಾನೇ. ಸಿಪ್ರಿ ಬರುವ ಮೊದಲು ಎರಡು ವರ್ಷ, ಪ್ರತಿ ಭಾನುವಾರ, ತಪ್ಪದೆ. ತಾರೀಕು ಸಹಿತ ಬರೆದಿಟ್ಟಿದ್ದೇನೆ.

“ಕಡಲ ಬದಿಯ ಬಾವಿ ಅಲ್ವಾ. ಆ ಉಪ್ಪು ತಿಂದು ಹಾಕಿದೆ. ಹೋಗಲಿ ಬಿಡಿ ಮಾರಾಯ್ರೆ, ಕಾಪುವಿನಲ್ಲಿ ಹೀಟರ್ ಯಾರಿಗೆ ಬೇಕು? ಎರಡು ಪೈಪುಗಳನ್ನು ಒಂದಕ್ಕೊಂದು ಸೇರಿಸಿ ಕಟ್ಟಿ ಕೊಡ್ತೇನೆ. ನೀರು ಒಳಗೆ ಹೋಗುವುದೇ ಇಲ್ಲ. ಹತ್ತು ನಿಮಿಷದ ಕೆಲಸ. ಬದಲಿಸುವುದಾದರೆ ಇಡೀ ಡ್ಯಾಶ್‌ಬೋರ್ಡ್ ಬಿಚ್ಚಬೇಕು, ಎರಡು ದಿನ ಬೇಕು. ಇಲ್ಲಿ ಎಲ್ಲರೂ ಕಟ್ಟಿಸುವುದೇ.”

ಕಟ್ಟಿ ಎಂದೆ. ಕಟ್ಟಿದರು. ಕೈ ಒರೆಸಿಕೊಳ್ಳುತ್ತ ನಾಬಿನ ಕಡೆ ನೋಡಿ ಹೇಳಿದರು. “ಒಂದು ಮಾತ್ರ ಆಶ್ಚರ್ಯ. ಊರಿನ ಗಾಡಿಗಳಲ್ಲಿ ಈ ನಾಬ್ ಧೂಳು ಹಿಡಿದು ಗಟ್ಟಿಯಾಗಿರ್ತದೆ. ನಿಮ್ಮದರಲ್ಲಿ ಕೆಂಪು ಗೆರೆಯೇ ಅಳಿಸಿಹೋಗಿದೆ. ನಿಮ್ಮ ಮನೆಯಲ್ಲಿ ಯಾರಿಗೋ ಚಳಿ ಉಂಟು.”

ನಾನು ಶೆಡ್ಡಿನ ಸ್ಟೂಲಿನ ಮೇಲೆ ಕೂತು ಪುಸ್ತಕ ತೆಗೆದೆ. ವಾಸನೆ ಇಲ್ಲದ ಹನ್ನೆರಡನೆಯ ದಿನ. ಸಿಪ್ರಿ ಒಬ್ಬರೇ, ಖಾಲಿ ಕಾರು. ಅಪ್ಪ ಇರಲಿಲ್ಲ.

ಮನೆಗೆ ಬಂದಾಗ ಅಪ್ಪ ಹೊರಡಲು ಸಿದ್ಧರಾಗಿ ಜಗಲಿಯಲ್ಲಿ ಕೂತಿದ್ದರು. ಅಮ್ಮ ಅಡುಗೆಮನೆಯಲ್ಲಿದ್ದರು. ಸಿಪ್ರಿ ಕಾರಿನಲ್ಲಿ ಹೀಟರ್ ಹಾಕುತ್ತಿದ್ದರಾ ಎಂದು ಮೆಲ್ಲಗೆ ಕೇಳಿದೆ.

“ನಾನೇ ಹಾಕು ಅಂತಿದ್ದೆ. ಆ ಮಿಷನ್ನಿನಿಂದ ಎದ್ದ ಮೇಲೆ ಚಳಿ ಮಗಾ, ಮೂಳೆಯ ಒಳಗೆ. ಹೊರಗೆ ಬೆಂಕಿಯಂಥ ಬಿಸಿಲಿದ್ದರೂ ಹಾಗೆಯೇ. ಅವ ಪಾಪ ಗಾಜು ಮುಚ್ಚಿ ಹೀಟರ್ ಹಾಕಿ ಮಣಿಪಾಲದಿಂದ ಕಾಪುವರೆಗೆ ಬೆವರಿ ಒದ್ದೆಯಾಗ್ತಿದ್ದ. ಇಳಿದ ಮೇಲೆ ಅಂಗಿ ಹಿಂಡಬೇಕು.”

“ವಾಸನೆ ಬರಲಿಲ್ವಾ ನಿಮಗೆ?”

“ನನಗೆ ಮೂಗು ಸತ್ತು ಎಷ್ಟು ಕಾಲ ಆಯಿತು. ಸಾಂಬಾರೂ ಒಂದೇ, ಗಂಜಿಯೂ ಒಂದೇ.”

“ನನಗೆ ಯಾಕೆ ಹೇಳಲಿಲ್ಲ? ಬುಧವಾರ ನಾನೂ ಹಾಕುತ್ತಿದ್ದೆನಲ್ಲ.”

ಅಪ್ಪ ಫೈಲನ್ನು ಮಡಿಲಿಗೆ ಎತ್ತಿಕೊಂಡರು. “ನಿನಗೆ ಹೇಳಿದರೆ ನೀನು ಬರೀತಿ. ಎಷ್ಟು ಗಂಟೆಗೆ ಚಳಿ, ಎಷ್ಟು ಹೊತ್ತು, ಮೊನ್ನೆಗಿಂತ ಹೆಚ್ಚಾ ಕಡಿಮೆಯಾ. ಆಮೇಲೆ ಅಮ್ಮನಿಗೆ ಓದಿ ಹೇಳ್ತಿ, ಅವಳು ಹೆದರ್ತಾಳೆ. ಯಾರಿಗೂ ಹೇಳಬೇಡ ಅಂತ ಸಿಪ್ರಿಗೆ ಹೇಳಿದ್ದೆ. ಅವ ಬರೆಯುವುದಿಲ್ಲ. ನಾಬ್ ತಿರುಗಿಸ್ತಾನೆ.” ಮತ್ತೆ ಕೇಳಿದರು. “ಅವನ ಮೊಣಕಾಲು ಹೇಗುಂಟಂತೆ?”

“ಗುಣ ಆಗ್ತಾ ಉಂಟಂತೆ,” ಎಂದೆ.

ಮರುದಿನ ಶಿರ್ವಕ್ಕೆ ಹೋದೆ. ದಾರಿಯುದ್ದಕ್ಕೂ ಮಾತುಗಳನ್ನು ಜೋಡಿಸಿಕೊಂಡೆ. ಮೊದಲು ಇದು, ಆಮೇಲೆ ಅದು ಎಂದು, ಅದೂ ಒಂದು ಪಟ್ಟಿಯೇ. ಸಿಪ್ರಿ ಅಂಗಳದಲ್ಲಿ ತೆಂಗಿನ ಮಡಲು ಸೀಳುತ್ತಿದ್ದರು. ಕತ್ತಿ ಬದಿಗಿಟ್ಟು ಎದ್ದು ನಿಂತರು.

“ಬನ್ನಿ, ಕುಳಿತುಕೊಳ್ಳಿ,” ಎಂದರು. “ನಿಮ್ಮ ತಂದೆಯವರು ಹೇಗಿದ್ದಾರೆ?”

ಕನ್ನಡದಲ್ಲಿ. ಬ್ಯಾಂಕಿನ ಮ್ಯಾನೇಜರರೊಡನೆ, ತಹಸೀಲ್ದಾರರೊಡನೆ ನಾವು ಆಡುತ್ತೇವಲ್ಲ, ಅಂಥ ಪೂರ್ತಿ ಪೂರ್ತಿ ಕನ್ನಡದಲ್ಲಿ. ನಾನು ತುಳುವಿನಲ್ಲಿ ಮಾತಾಡುತ್ತಲೇ ಹೋದೆ, ಅವರು ಕನ್ನಡದಲ್ಲಿಯೇ ಉತ್ತರ ಕೊಡುತ್ತ ಹೋದರು. ‘ಮಗಾ’ ಎಂಬ ಒಂದು ಮಾತು ಬರಲಿ ಎಂದು ನಾನು ಕೊನೆಯವರೆಗೆ ಕಾದೆ. ಹೀಟರಿನ ಕಥೆಯೆಲ್ಲ ಹೇಳಿ, ತಪ್ಪಾಯಿತು, ಮತ್ತೆ ಬನ್ನಿ ಎಂದೆ.

“ರೇಡಿಯೇಟರಿನ ಬಾಟ್ಲಿಯಲ್ಲಿ ನೀರು ಕಡಿಮೆಯಾಗುತ್ತಿದೆ, ಒಮ್ಮೆ ತೋರಿಸಿ ಎಂದು ನಾನು ನಿಮಗೆ ಎರಡು ಸಲ ಹೇಳಿದ್ದೆ. ನೀವು ಬರೆದುಕೊಂಡಿದ್ದೀರಿ. ನಾನು ನೋಡಿದ್ದೇನೆ.”

ಬರೆದುಕೊಂಡಿದ್ದೆ. ಬೇರೆ ಪುಟದಲ್ಲಿ, ‘ವಾಹನ’ ಎಂಬ ತಲೆಬರಹದಡಿ.

ಅವರ ಹೆಂಡತಿ ಲಿಲ್ಲಿಬಾಯಿ ಚಹಾ ತಂದಿಟ್ಟು ನನ್ನ ಮುಖ ನೋಡದೆ ಒಳಗೆ ಹೋದರು. ಸಿಪ್ರಿ ಕೀ ಕೊಟ್ಟು ಹೋದ ದಿನ ನನ್ನ ಅಮ್ಮ ಯಾರಿಗೂ ಹೇಳಬೇಡಿ ಎಂದು ಒಬ್ಬರಿಗೆ ಹೇಳಿದ ಮಾತು ಮರುದಿನ ಚರ್ಚಿನ ಪೂಜೆಯ ಹೊತ್ತಿಗೆ ಶಿರ್ವದ ಇಗರ್ಜಿಯ ಮೆಟ್ಟಿಲಿಗೆ ಬಂದು ಮುಟ್ಟಿತ್ತಂತೆ.

“ಆ ಭಾನುವಾರ ಪೂಜೆ ಮುಗಿಸಿ ಮನೆಗೆ ಬಂದ ಮೇಲೆ ಲಿಲ್ಲಿ ನನ್ನ ಬಾಯಿ ಮೂಸಿದಳು,” ಎಂದರು ಸಿಪ್ರಿ. ಸ್ವರ ತಗ್ಗಿಸಿರಲಿಲ್ಲ, ಒಳಗೆ ಕೇಳುವಂತೆಯೇ ಹೇಳಿದರು. “ಒಂಬತ್ತು ವರ್ಷದಲ್ಲಿ ಮೊದಲ ಸಲ. ತಪ್ಪು ಅವಳದ್ದಲ್ಲ. ಹನ್ನೆರಡರಲ್ಲಿ ಹನ್ನೊಂದು ಅಂತ ಕೇಳಿದರೆ ಯಾರಾದರೂ ಮೂಸುತ್ತಾರೆ.”

ಜಗಲಿಯ ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ತಾರೀಕಿನ ಕೆಳಗೆ ಪೆನ್ಸಿಲಿನ ಒಂದು ಸಣ್ಣ ಚುಕ್ಕೆ ಇತ್ತು. ತಿಂಗಳುಗಟ್ಟಲೆ ಚುಕ್ಕೆ. ಅವರು ಕೀ ಕೊಟ್ಟು ಹೋದ ಆ ಶನಿವಾರದವರೆಗೆ ಬಂದು ನಿಂತಿತ್ತು. ನಾನು ನೋಡುವುದನ್ನು ಅವರು ನೋಡಿದರು.

“ಬರೆಯುವವರು ನೀವು ಮಾತ್ರ ಅಲ್ಲ. ಹೆದರಬೇಡಿ, ಕುಡಿದಿಲ್ಲ. ಚುಕ್ಕೆ ಹಾಕುವುದು ಬಿಟ್ಟೆ. ಇನ್ನು ಯಾರಿಗೆ ತೋರಿಸಲಿಕ್ಕೆ?”

ನಾನು ಏಳುವಾಗ ಒಂದೇ ಪ್ರಶ್ನೆ ಕೇಳಿದರು. “ಹೀಟರ್ ಬದಲಿಸಿದಿರಾ, ಪೈಪ್ ಕಟ್ಟಿಸಿದಿರಾ?”

“ಕಟ್ಟಿಸಿದೆ.”

“ಹಾಗಾದರೆ ಮಾಸ್ಟ್ರಿಗೆ ಚಳಿ,” ಎಂದು ಹೇಳಿ ಅವರು ಕತ್ತಿ ಎತ್ತಿಕೊಂಡು ಮಡಲಿನ ಹತ್ತಿರ ಕೂತರು.

ಆ ವಾರಾಂತ್ಯ ಹಮೀದ್ ಇಡೀ ಡ್ಯಾಶ್‌ಬೋರ್ಡ್ ಬಿಚ್ಚಿದರು. ಸ್ಟೀರಿಂಗಿನ ಹಿಂದೆ ವಯರುಗಳ ಕರುಳೆಲ್ಲ ಹೊರಗೆ ಬಂದು ಕಾರು ಆಪರೇಷನ್ನಿಗೆ ಮಲಗಿದಂತೆ ಕಾಣುತ್ತಿತ್ತು. ಕೊನೆಗೆ ಹೊರಬಂದದ್ದು ನನ್ನ ಡೈರಿಯಷ್ಟೇ ದೊಡ್ಡ ಒಂದು ಪೆಟ್ಟಿಗೆ. ಒಂದು ಮೂಲೆಯಲ್ಲಿ ಹಸಿರು ಕಿಲುಬು, ಸೂಜಿಮೊನೆಯಷ್ಟು ತೂತು. ಹೊಸತು ಹಾಕಿ, ಕಾರ್ಪೆಟ್ ತೊಳೆದು ಒಣಗಿಸಿ ಕೊಟ್ಟರು. ಅಂದಿನಿಂದ ಮಿಷನ್ನಿನಿಂದ ಎದ್ದ ಅಪ್ಪನನ್ನು ಕೂರಿಸಿಕೊಂಡು ಗಾಜು ಮುಚ್ಚಿ ನಾಬನ್ನು ಕೆಂಪಿಗೆ ತಿರುಗಿಸುತ್ತೇನೆ. ಕಾಪು ಬರುವ ಹೊತ್ತಿಗೆ ನನ್ನ ಅಂಗಿ ಹಿಂಡುವ ಹಾಗಿರುತ್ತದೆ. ಅಪ್ಪ ಕಣ್ಣು ತೆರೆದೇ ಇರುತ್ತಾರೆ. ಆದರೆ ನನಗೆ ಲೀಟರಿನ ತಮಾಷೆ ಬರುವುದಿಲ್ಲ. ಒಮ್ಮೆ ಪ್ರಯತ್ನಿಸಿದೆ. ಅಪ್ಪ ದಾಕ್ಷಿಣ್ಯಕ್ಕೆ ನಕ್ಕರು. ಪ್ರತಿ ಸಲವೂ ಎಲ್ಲೋ ಒಂದು ಕಡೆ ಸಿಪ್ರಿಯ ಮೊಣಕಾಲಿನ ವಿಷಯ ಕೇಳುತ್ತಾರೆ. ಪ್ರತಿ ಸಲವೂ ನಾನು ಗುಣ ಆಗ್ತಾ ಉಂಟು ಎನ್ನುತ್ತೇನೆ. ಅದನ್ನು ಎಷ್ಟು ಸಲ ಹೇಳಿದೆ ಎಂಬ ಲೆಕ್ಕ ಮಾತ್ರ ನನ್ನ ಯಾವ ಪುಸ್ತಕದಲ್ಲೂ ಇಲ್ಲ.

ಮೊನ್ನೆ ಶುಕ್ರವಾರ ಬಂಕಿನಲ್ಲಿ ಆ ವಾಸನೆಯನ್ನು ಮೂಗಿನಲ್ಲಿ ಇಟ್ಟುಕೊಂಡೇ ಕಾರಿಗೆ ಬಂದು ಕೂತೆ. ಹೀಟರ್ ಹಾಕಿದೆ. ಹೆದ್ದಾರಿಗೆ ಏರುತ್ತಿದ್ದ ಹಾಗೆ ಅಪ್ಪ ಕೇಳಿದರು. “ಅವನ ಮೊಣಕಾಲು ಇನ್ನೂ ಸರಿಯಾಗಲಿಲ್ವಾ?”

ಮೊಣಕಾಲಿಗೆ ಏನೂ ಆಗಿಲ್ಲ ಎಂದೆ. ಆಮೇಲೆ ಎಲ್ಲವನ್ನೂ ಹೇಳಿದೆ. ಕಳ್ಳು, ಕೋಷ್ಟಕ, ಜಗಲಿ, ಬುಧವಾರದ ಉಪವಾಸ, ಲಿಲ್ಲಿಬಾಯಿ ಬಾಯಿ ಮೂಸಿದ್ದು, ಚುಕ್ಕೆಗಳು. ಅಪ್ಪ ಎದುರಿನ ರಸ್ತೆ ನೋಡುತ್ತ ಕೇಳಿದರು.

“ಹನ್ನೆರಡರಲ್ಲಿ ಹನ್ನೊಂದಾ?”

“ಹೌದು.”

ಅವರು ಡಯಾಲಿಸಿಸ್‌ನ ಪಟ್ಟಿ ಸುತ್ತಿದ ಕೈಯನ್ನು ನಿಧಾನವಾಗಿ ಚಾಚಿ ನಾಬನ್ನು ಕೆಂಪಿನಿಂದ ನೀಲಿಗೆ ತಿರುಗಿಸಿದರು. ಟವೆಲನ್ನು ಕುತ್ತಿಗೆಗೆ ಬಿಗಿಯಾಗಿ ಸುತ್ತಿಕೊಂಡು ಕಣ್ಣು ಮುಚ್ಚಿದರು. ಕಟಪಾಡಿ ದಾಟುವಾಗ ಅವರ ಹಲ್ಲುಗಳು ಒಂದಕ್ಕೊಂದು ತಾಗುವ ಶಬ್ದ ಕೇಳಿಸುತ್ತಿತ್ತು. ನಾಬಿಗೆ ಕೈ ಹಾಕುವ ಧೈರ್ಯ ನನಗೆ ಬರಲಿಲ್ಲ.

ಮನೆಗೆ ಬಂದು ಪುಸ್ತಕ ತೆಗೆದೆ. ಆ ಹಳೆಯ ಕೋಷ್ಟಕದ ಕೆಳಗೆ ಒಂದು ಸಾಲಿಗೆ ಜಾಗ ಉಳಿದಿತ್ತು. ಶುಕ್ರವಾರ. ಚಾಲಕ: ನಾನು. ವಾಸನೆ: ಇಲ್ಲ. ಉದ್ಯಾವರದಿಂದ ಕಾಪುವರೆಗೆ ಅಪ್ಪನಿಗೆ ಚಳಿ. ಕಾರಣ ಎಂಬ ಕಾಲಂನಲ್ಲಿ, ಹನ್ನೊಂದು ‘ಸಿಪ್ರಿ’ಗಳ ಕೆಳಗೆ, ನನ್ನ ಹೆಸರು ಬರೆದೆ.